ಗುಡಿಗೆ ವಿನಾಯಿತಿ, ಗಾಲಿಕುರ್ಚಿಯ ಮನೆಗೆ ಪೂರ್ತಿ ಪಟ್ಟಿ

ಮನೆಪಟ್ಟಿಯ ವಿಷಯವನ್ನು ಈ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಕೆಲವರು ಕೇಳಬಹುದು. ಬರೆಯಲೇಬೇಕು ಎಂಬುದು ನನ್ನ ಅಭಿಪ್ರಾಯ. ಕರ್ನಾಟಕ ಮಹಾನಗರ ಪಾಲಿಕೆಗಳ 1976ರ ಅಧಿನಿಯಮದ 110ನೇ ಪ್ರಕರಣವನ್ನು ತೆರೆದು ನೋಡಿರಿ. ಯಾವ ಕಟ್ಟಡಕ್ಕೆ ಆಸ್ತಿ ತೆರಿಗೆ ಇಲ್ಲ ಎಂಬ ಪಟ್ಟಿ ಅಲ್ಲಿದೆ. ಸಾರ್ವಜನಿಕ ಪೂಜೆಯ ಸ್ಥಳಗಳು ಅದರಲ್ಲಿವೆ, ಬಾಡಿಗೆ ಪಡೆಯದ ಛತ್ರಗಳಿವೆ, ಧರ್ಮಾರ್ಥ ಆಸ್ಪತ್ರೆ, ಸ್ಮಶಾನ, ಪ್ರಾಚೀನ ಸ್ಮಾರಕಗಳಿವೆ. ನಿರ್ಗತಿಕರಿಗೂ ಪ್ರಾಣಿಗಳಿಗೂ ಆಸರೆ ಕೊಡುವ ಜಾಗಗಳು, ಅನಾಥಾಲಯಗಳು, ಕಿವುಡ ಮೂಗರ ಶಾಲೆ ಮತ್ತು ಆಶ್ರಮಗಳು, ಪಾಲಿಕೆ ಒಪ್ಪಿದ ಇಂಥವೇ ಬೇರೆ ಸೇವಾಸಂಸ್ಥೆಗಳೂ ಇವೆ. ಸರಿಯಾದ ಪಟ್ಟಿಯೇ. ಆದರೆ ಹಾಸಿಗೆ ಹಿಡಿದ ಮಗನನ್ನು ಇಪ್ಪತ್ತು ವರ್ಷ ಮನೆಯಲ್ಲೇ ಇಟ್ಟುಕೊಂಡು ಸಾಕಿದ ತಾಯಿಯ ಮನೆ ಎಂಬ ಬಾಬು ನಾನು ಕೆಲಸದಲ್ಲಿದ್ದಷ್ಟು ಕಾಲ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಕಲ್ಲಿನ ಗುಡಿಗಿಂತ ಮನುಷ್ಯನ ಶರೀರ ದೊಡ್ಡದು, ಅದೇ ಶಿವನ ಮನೆ ಎಂದು ಹನ್ನೆರಡನೆಯ ಶತಮಾನದಲ್ಲೇ ಹೇಳಿದವರ ಮಕ್ಕಳು ನಾವು. ನಮ್ಮ ರಾಜ್ಯದ ತೆರಿಗೆ ಕಾನೂನು ಕಲ್ಲಿನ ಗುಡಿಯನ್ನು ಗುರುತಿಸಿದೆ, ನಡೆಯಲಾರದ ಶರೀರ ಇರುವ ಮನೆಯನ್ನು ಗುರುತಿಸಿಲ್ಲ. ಇದನ್ನು ಕೇಳುವ ಹಕ್ಕು ಬೇರೆಯವರಿಗಿಂತ ನಮಗೆ ಹೆಚ್ಚು ಎಂದೇ ಈ ಲೇಖನ.

ನಾನು ಉತ್ತರ ಕರ್ನಾಟಕದ ಒಂದು ಪುರಸಭೆಯ ಕಂದಾಯ ಶಾಖೆಯಲ್ಲಿ ದುಡಿದು ನಿವೃತ್ತನಾದವನು. ಬಿಲ್ ಕಲೆಕ್ಟರ್ ಆಗಿ ಸೇರಿದೆ, ಕಂದಾಯ ನಿರೀಕ್ಷಕನಾಗಿ ಹೊರಬಂದೆ. ಟೇಪು ಹಿಡಿದು ಮನೆ ಅಳೆಯುವುದು, ಚಲನ್ ಬರೆಯುವುದು, ಮಾರ್ಚ್ ತಿಂಗಳಲ್ಲಿ ಬಾಕಿದಾರರ ಬಾಗಿಲು ಬಡಿಯುವುದು ನನ್ನ ಕಾಯಕವಾಗಿತ್ತು. ಮನೆಯ ಒಳಗಿನ ಸ್ಥಿತಿ ನೆಂಟರಿಗಿಂತ ಬಿಲ್ ಕಲೆಕ್ಟರನಿಗೆ ಹೆಚ್ಚು ಗೊತ್ತಿರುತ್ತದೆ. ಎಷ್ಟೋ ಮನೆಗಳಲ್ಲಿ ಹಿತ್ತಲ ಕಡೆಯ ಖೋಲಿಯ ಬಾಗಿಲು ಮುಚ್ಚಿರುತ್ತಿತ್ತು. ಅಳತೆಗೆ ತೆಗೆಯಿರಿ ಎಂದರೆ ಹಿಂಜರಿಯುತ್ತಿದ್ದರು. ತೆಗೆದಾಗ ಒಳಗೆ ಒಬ್ಬ ಮಗಳೋ ತಮ್ಮನೋ ಇರುತ್ತಿದ್ದರು. ಹಿಂದಿನ ಜನ್ಮದ ಕರ್ಮ ಎಂಬ ಮಾತನ್ನು ನಮ್ಮ ಶರಣರು ಒಪ್ಪಲಿಲ್ಲ ಎಂದು ನಾವು ವೇದಿಕೆಯಲ್ಲಿ ಹೇಳುತ್ತೇವೆ. ಲಿಂಗ ಕಟ್ಟಿಕೊಂಡವರ ಮನೆಯ ಹಿತ್ತಲಲ್ಲೇ ಆ ಕರ್ಮ ಇನ್ನೂ ಬಾಗಿಲು ಹಾಕಿಕೊಂಡು ಕೂತಿರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಒಂದು ಮನೆಯ ಮಾತು ಹೇಳುತ್ತೇನೆ. ತಾಯಿ, ಇಪ್ಪತ್ತೆರಡು ವರ್ಷದ ಮಗ. ಅವನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಹಳೆಯ ಮನೆಯಲ್ಲಿ ಮಲಗುವ ಖೋಲಿ ಅಟ್ಟದ ಮೇಲಿತ್ತು, ಬಚ್ಚಲು ಅಂಗಳದಾಚೆ. ಆಕೆ ಸಂಘದಲ್ಲಿ ಸಾಲ ತೆಗೆದು ಪಡಸಾಲೆಯ ಪಕ್ಕ ಒಂದು ಖೋಲಿ, ಅದಕ್ಕೆ ಹೊಂದಿಕೊಂಡು ಬಚ್ಚಲು ಕಟ್ಟಿಸಿದರು. ಮರುಪರಿಷ್ಕರಣೆಯ ವರ್ಷ ನಾವು ಅಳೆದೆವು. ಕಟ್ಟಡದ ವಿಸ್ತೀರ್ಣ ಹೆಚ್ಚಾಯಿತು, ಪಟ್ಟಿಯೂ ಹೆಚ್ಚಾಯಿತು. "ಸಾಹೇಬ್ರ, ಈ ಖೋಲಿ ನಾವು ಚೈನಿಗೆ ಕಟ್ಟಿಸಿದ್ದಲ್ರಿ. ಅವನ್ನ ಎತ್ತಿಕೊಂಡು ಅಟ್ಟ ಹತ್ತಾಕ ನನ್ನ ಸೊಂಟಕ್ಕ ಇನ್ನ ಆಗಂಗಿಲ್ಲ ಅಂತ ಕಟ್ಟಿಸಿದ್ದು" ಎಂದರು. "ಅಕ್ಕಾರ, ನಮ್ಮ ಟೇಪಿಗೆ ಅದು ಗೊತ್ತಾಗೂದಿಲ್ರಿ" ಎಂದೆ. ನಿಜವೇ ಅದು. ಅಳತೆ ಸರಿಯಾಗಿತ್ತು, ದರವೂ ಸರಿಯಾಗಿತ್ತು. ಚೈನಿಗೆ ಕಟ್ಟಿದ ಖೋಲಿಗೂ ಅನಿವಾರ್ಯಕ್ಕೆ ಕಟ್ಟಿದ ಖೋಲಿಗೂ ವ್ಯತ್ಯಾಸ ಹೇಳುವ ಕಲಮು ಕಾನೂನಿನಲ್ಲೇ ಇರಲಿಲ್ಲ.

ವಿಷಯದ ಬೇರು ಇಲ್ಲಿದೆ, ಆದ್ದರಿಂದ ಸ್ವಲ್ಪ ಲೆಕ್ಕ ಹಾಕೋಣ. ಆಸ್ತಿ ತೆರಿಗೆಯ ತರ್ಕ ಸರಳ: ದೊಡ್ಡ ಮನೆ ಇದ್ದವನು ಹೆಚ್ಚು ಉಳ್ಳವನು, ಅವನು ಹೆಚ್ಚು ಕೊಡಲಿ. ಒಳ್ಳೆಯ ತರ್ಕ. ಆದರೆ ಗಾಲಿಕುರ್ಚಿಯ ಮನೆಗೆ ಇದು ಹೊಂದುವುದಿಲ್ಲ. ಕುರ್ಚಿ ಒಳಗೆ ಪೂರ್ತಿ ತಿರುಗಬೇಕಾದರೆ 5 ಅಡಿ ಅಗಲದ ವೃತ್ತ ಬೇಕು. ಬಾಗಿಲು 3 ಅಡಿಯಾದರೂ ಇರಬೇಕು. ಸಾಮಾನ್ಯವಾಗಿ ನಮ್ಮ ಕಡೆ 4 ಅಡಿ, 6 ಅಡಿಯ ಬಚ್ಚಲು ಕಟ್ಟುತ್ತಾರೆ, ಅಂದರೆ 24 ಚದರಡಿ. ಕುರ್ಚಿಯ ಸಮೇತ ಒಬ್ಬರು ಹೋಗಿ, ಸ್ನಾನ ಮಾಡಿಸುವವರು ಇನ್ನೊಬ್ಬರು ನಿಲ್ಲಬೇಕೆಂದರೆ 7 ಅಡಿ, 8 ಅಡಿ ಬೇಕಾಗುತ್ತದೆ, 56 ಚದರಡಿ. ಇಳಿಜಾರಿನದು ಇನ್ನೊಂದು ಕತೆ. 1 ಅಡಿ ಏರಲು 12 ಅಡಿ ಉದ್ದದ ರ‍್ಯಾಂಪ್ ಬೇಕೆಂಬುದು ಒಪ್ಪಿತ ಅಳತೆ. ಮಳೆನೀರು ನುಗ್ಗಬಾರದೆಂದು ನಮ್ಮಲ್ಲಿ ಮನೆಯ ಕಟ್ಟೆಯನ್ನು 2 ಅಡಿ ಎತ್ತರಿಸುತ್ತಾರೆ. ಅಲ್ಲಿಗೆ ರ‍್ಯಾಂಪ್ 24 ಅಡಿ. ಮೂವತ್ತು ನಲವತ್ತರ ನಿವೇಶನದಲ್ಲಿ ಎದುರಿನ ಅಗಲವೇ 30 ಅಡಿ ಇರುವಾಗ ಎಲ್ಲಿಂದ ತರುವುದು? ದೊಡ್ಡ ನಿವೇಶನ ಕೊಳ್ಳಬೇಕು, ಇಲ್ಲವೇ ಇದ್ದುದರಲ್ಲಿ ಅರ್ಧ ಜಾಗ ಬಿಡಬೇಕು. ಈ ಹೆಚ್ಚಿನ ಚದರಡಿಗಳು ಸಂಪತ್ತಿನ ಗುರುತಲ್ಲ, ಕಾಲಿನ ಬದಲಿಗೆ ಕಟ್ಟಿಕೊಂಡವು. ಕಾಲು ಇದ್ದವರಿಗೆ ಕಾಲಿನ ಮೇಲೆ ತೆರಿಗೆ ಇಲ್ಲ. ಇಲ್ಲದವರು ಅದರ ಬದಲಿಗೆ ಕಟ್ಟಿದ ಗೋಡೆಗೆ ವರ್ಷವರ್ಷವೂ ಕೊಡುತ್ತಾರೆ.

ಇದನ್ನು ಬೇರೆಯವರು ಅರ್ಥ ಮಾಡಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ ಮನೆಗೆ ಹಾಕುವ ಕೌನ್ಸಿಲ್ ಟ್ಯಾಕ್ಸಿಗೆ ಎ ಇಂದ ಎಚ್ ವರೆಗೆ 8 ದರ್ಜೆಗಳಿವೆ. ಅಂಗವೈಕಲ್ಯ ಇರುವವರು ಮುಖ್ಯವಾಗಿ ಬಳಸುವ ಖೋಲಿಯೊಂದು, ಅವರಿಗೆ ಬೇಕಾದ ಎರಡನೆಯ ಬಚ್ಚಲು ಅಥವಾ ಅಡುಗೆಮನೆ, ಇಲ್ಲವೇ ಮನೆಯೊಳಗೆ ಗಾಲಿಕುರ್ಚಿ ಓಡಾಡುವಷ್ಟು ಹೆಚ್ಚಿನ ಜಾಗ, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಆ ಮನೆಯನ್ನು ಒಂದು ದರ್ಜೆ ಕೆಳಗಿನದೆಂದು ಲೆಕ್ಕ ಹಾಕುತ್ತಾರೆ. ತೀರ ಕೆಳಗಿನ ದರ್ಜೆಯ ಮನೆಗೂ ಕಡಿತ ಉಂಟು. ತೆರಿಗೆ ಕಟ್ಟುವವರೇ ಅಂಗವೈಕಲ್ಯ ಹೊಂದಿರಬೇಕೆಂದಿಲ್ಲ, ಮನೆಯಲ್ಲಿ ಅಂಥ ಮಗು ಇದ್ದರೂ ಸಾಕು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣವಾಯಿತು. ಅಲ್ಲಿಗೆ ಹೋದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ, ಸಂತೋಷ. ಅದರ ಬೆನ್ನಿಗಿರುವ ಬೀದಿಗಳ ಮನೆಗಳಿಗೆ ಈ ನಿಯಮ ಇದೆಯೆಂದು ಒಬ್ಬರಾದರೂ ಬಂದು ಹೇಳಿದ್ದನ್ನು ನಾನು ಕೇಳಿಲ್ಲ.

ಅಷ್ಟು ದೂರವೇಕೆ, ದಿಲ್ಲಿಯನ್ನೇ ನೋಡಿರಿ. ದಿಲ್ಲಿ ಮಹಾನಗರ ಪಾಲಿಕೆಯಲ್ಲಿ ದೈಹಿಕ ಅಂಗವೈಕಲ್ಯ ಇರುವವರು ತಾವೇ ವಾಸಿಸುವ ಒಂದು ಮನೆಗೆ, 200 ಚದರ ಮೀಟರ್ ವರೆಗೆ, ಶೇ.30 ರಿಯಾಯಿತಿ ಪಡೆಯುತ್ತಾರೆ. ಮಹಿಳೆಯರಿಗೂ ಹಿರಿಯ ನಾಗರಿಕರಿಗೂ ಅಲ್ಲಿ ಅದೇ ರಿಯಾಯಿತಿ. ಆದರೆ ಅದು ಮಾಲೀಕನ ಹೆಸರಿಗೆ ಅಂಟಿಕೊಂಡದ್ದು. ನಮ್ಮಲ್ಲಿ ಖಾತೆ ತಂದೆಯ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಇರುತ್ತದೆ, ಹಾಸಿಗೆಯಲ್ಲಿರುವವರ ಹೆಸರಿನಲ್ಲಿ ಇರುವುದು ಅಪರೂಪ. ಆದ್ದರಿಂದ ನಮಗೆ ದಿಲ್ಲಿಯದಕ್ಕಿಂತ ಇಂಗ್ಲೆಂಡಿನ ರೀತಿ ಹೊಂದುತ್ತದೆ. ಖಾತೆ ಯಾರದು ಎಂದು ಕೇಳುವುದಕ್ಕಿಂತ ಆ ಮನೆಯಲ್ಲಿ ಯಾರಿದ್ದಾರೆ ಎಂದು ಕೇಳುವುದು ಮೇಲು.

ಇಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಮುಂದೆ ಹೋಗಲಾಗದು. ಕಣ್ಣಿಲ್ಲದ ಬಾಲಕನೊಬ್ಬನನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕೈಹಿಡಿದು ಸಂಗೀತ ಕಲಿಸಿದರು. ಆತ ಪಂಚಾಕ್ಷರಿ ಗವಾಯಿಗಳಾದರು. ಅಂಧ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗಿ, ನಾಟಕ ಕಂಪನಿ ನಡೆಸಿ ಅವರ ಹೊಟ್ಟೆ ತುಂಬಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ತಾವೂ ಕಣ್ಣಿಲ್ಲದವರೇ ಆದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಹೊಣೆ ಹೊತ್ತರು. ಸರಕಾರ ಮಾಡಬೇಕಾದ ಕೆಲಸವನ್ನು ಜೋಳಿಗೆಯ ಬಲದಿಂದ ಮಾಡಿದ ಪರಂಪರೆ ಇದು. ಇಂಥ ಆಶ್ರಮಗಳಿಗೆ ವಿನಾಯಿತಿ ಕೊಡಲು ಕಾನೂನಿನಲ್ಲಿ ದಾರಿ ಇದೆ, ಸರಿಯೇ. ನನ್ನ ಪ್ರಶ್ನೆ ಅದರ ಮುಂದಿನದು. ಅಂಥ ಆಶ್ರಮದಲ್ಲಿ ಕಲಿತ ಹುಡುಗ ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿ ಎರಡು ಖೋಲಿಯ ಮನೆ ಹಿಡಿದು ಸಂಗೀತ ಪಾಠ ಹೇಳಿ ಬದುಕುತ್ತೇನೆ ಎಂದರೆ? ಆಶ್ರಮದ ಗೇಟಿನಾಚೆ ಅವನು ಬರೀ ಬಾಡಿಗೆದಾರ. ಕಾನೂನಿಗೆ ಅವನ ಕಣ್ಣು ಕಾಣುವುದಿಲ್ಲ.

ಸಂಸ್ಥೆಯಲ್ಲಿದ್ದರೆ ವಿನಾಯಿತಿ, ಸಂಸಾರದಲ್ಲಿದ್ದರೆ ಪೂರ್ತಿ ಪಟ್ಟಿ ಎಂದಾಗ ಕಾನೂನು ತನಗರಿವಿಲ್ಲದೆ ಒಂದು ಮಾತು ಹೇಳುತ್ತಿದೆ: ನಿಮ್ಮಂಥವರು ಆಶ್ರಮದಲ್ಲಿರುವುದೇ ಲೇಸು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಇದಕ್ಕೆ ನೇರ ವಿರುದ್ಧವಾಗಿದೆ. ಅದರ 5ನೇ ಪ್ರಕರಣದ ಪ್ರಕಾರ ಸಮುದಾಯದ ನಡುವೆ ಬದುಕುವುದು ಅವರ ಹಕ್ಕು, ಇಂಥದೇ ಏರ್ಪಾಡಿನಲ್ಲಿ ವಾಸಿಸಬೇಕೆಂದು ಯಾರೂ ಅವರನ್ನು ಕಟ್ಟಿಹಾಕುವಂತಿಲ್ಲ. ಅದೇ ಕಾನೂನಿನ 37ನೇ ಪ್ರಕರಣ ವಸತಿ ಯೋಜನೆಗಳಲ್ಲಿ ಶೇ.5 ಮೀಸಲು ಇಡಬೇಕು ಎನ್ನುತ್ತದೆ. ಒಂದು ಕೈಯಿಂದ ಮನೆ ಕೊಡು ಎಂದು ಹೇಳಿದ ಮೇಲೆ, ಆ ಮನೆ ಬಳಸುವಂತಾಗಲು ಮಾಡಿದ ಖರ್ಚಿಗೆ ಇನ್ನೊಂದು ಕೈಯಿಂದ ತೆರಿಗೆ ಹಾಕುವುದು ಎಂಥ ನ್ಯಾಯ?

ಬಾಡಿಗೆ ಮನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಸ್ವಂತ ಮನೆ ಇದ್ದವರು ಹೇಗೋ ಸುಧಾರಿಸಿಕೊಳ್ಳುತ್ತಾರೆ. ಬಾಡಿಗೆಗೆ ಮನೆ ಕೇಳಲು ಹೋದಾಗ ಮಾಲೀಕ ಮೊದಲು ಯಾವ ಮಂದಿ ಎಂದು ಕೇಳುತ್ತಾನೆ (ಇದನ್ನು ನಾವೂ ಕೇಳುತ್ತೇವೆ, ಕೇಳುವುದಿಲ್ಲ ಎಂದು ಎದೆ ಮುಟ್ಟಿ ಹೇಳುವವರು ಕೈ ಎತ್ತಲಿ), ಆಮೇಲೆ ಗಾಲಿಕುರ್ಚಿ ನೋಡುತ್ತಾನೆ, ಆಮೇಲೆ "ನಮ್ಮ ತಂಗಿ ಮಗಳು ಬರ್ತಾಳ, ಕೊಡಂಗಿಲ್ರಿ" ಎನ್ನುತ್ತಾನೆ. ಗೋಡೆ ಒಡೆದು ಬಾಗಿಲು ಅಗಲ ಮಾಡಬೇಕಾದೀತು, ಕಟ್ಟೆ ಕೆಡವಬೇಕಾದೀತು ಎಂಬ ಅಂಜಿಕೆ ಅವನಿಗೆ. ಆ ಖರ್ಚಿಗೆ ಪ್ರತಿಯಾಗಿ ಅವನಿಗೆ ಏನೂ ಸಿಗುವುದಿಲ್ಲ. ಬೆಂಗಳೂರಿನಲ್ಲಂತೂ 2008ರಲ್ಲಿ ಬಂದ ಘಟಕ ವಿಸ್ತೀರ್ಣ ಪದ್ಧತಿಯಲ್ಲಿ ಮಾಲೀಕ ತಾನೇ ಇರುವ ಮನೆಗಿಂತ ಬಾಡಿಗೆ ಕೊಟ್ಟ ಮನೆಗೆ ದರ ಇಮ್ಮಡಿ ಇಟ್ಟಿದ್ದರು. ಆ ಇಮ್ಮಡಿ ಕೊನೆಗೆ ಬಾಡಿಗೆಯಲ್ಲೇ ಸೇರಿ ಬಾಡಿಗೆದಾರನ ತಲೆಗೆ ಬರುತ್ತದೆ. ನಾನು ಕೇಳುವುದು ಇಷ್ಟೇ: ನೆಲಮಹಡಿಯ ಮನೆಯನ್ನು ರ‍್ಯಾಂಪ್ ಹಾಕಿಸಿ, ಬಚ್ಚಲು ಅಗಲ ಮಾಡಿಸಿ, ವಿಕಲಚೇತನರಿರುವ ಕುಟುಂಬಕ್ಕೆ ಕರಾರು ಪತ್ರ ಬರೆದು ಬಾಡಿಗೆ ಕೊಟ್ಟ ಮಾಲೀಕನಿಗೆ ಸ್ವಂತ ವಾಸದ ದರವನ್ನೇ ಹಾಕಲಿ, ಅದರ ಮೇಲೆ ಮೂರೋ ಐದೋ ವರ್ಷ ಅರ್ಧ ಬಿಡಲಿ. ನಾಲ್ಕೈದು ಜನ ಬುದ್ಧಿಮಾಂದ್ಯ ವಯಸ್ಕರನ್ನು ಸೇರಿಸಿ ತಂದೆತಾಯಿಗಳೇ ನಡೆಸುವ ಚಿಕ್ಕ ಮನೆಗಳು ಅಲ್ಲಲ್ಲಿ ತಲೆಯೆತ್ತುತ್ತಿವೆ. ನಾವು ಹೋದ ಮೇಲೆ ಇವರ ಗತಿ ಏನು ಎಂಬ ಚಿಂತೆಯಿಂದ ಹುಟ್ಟಿದವು ಅವು. ಅವು ದೊಡ್ಡ ಟ್ರಸ್ಟುಗಳಲ್ಲ, ಪಾಲಿಕೆಯ ಒಪ್ಪಿಗೆ ಹಿಡಿದು ತಿರುಗುವ ಶಕ್ತಿ ಅವಕ್ಕಿಲ್ಲ. ಅವನ್ನೂ ಇದರಲ್ಲಿ ಸೇರಿಸಬೇಕು.

ಚಲನಿನ ಕೆಳಗಡೆ ಇರುವ ಚಿಕ್ಕ ಅಕ್ಷರಗಳನ್ನು ಯಾರೂ ಓದುವುದಿಲ್ಲ. ಆಸ್ತಿ ತೆರಿಗೆಯ ಜೊತೆ ಆರೋಗ್ಯ ಕರ, ಗ್ರಂಥಾಲಯ ಕರ ಇರುತ್ತವೆ, ಇವುಗಳೊಡನೆ ಶೇ.3 ಭಿಕ್ಷುಕರ ಕರವೂ ಇರುತ್ತದೆ. 1975ರ ಭಿಕ್ಷಾಟನೆ ನಿಷೇಧ ಕಾನೂನಿನಂತೆ ಭಿಕ್ಷುಕರ ಪುನರ್ವಸತಿಗೆ ಎಂದು ಅದನ್ನು ವಸೂಲು ಮಾಡುತ್ತೇವೆ. ಯಾವ ತಾಯಿ ತನ್ನ ಮಗ ರೈಲು ನಿಲ್ದಾಣದಲ್ಲಿ ಕೈಚಾಚದಂತೆ ಜೀವಮಾನವೆಲ್ಲ ಕಾಯ್ದಳೋ, ಆಕೆಯಿಂದಲೂ ನಾನು ಆ ಶೇ.3ನ್ನು ಪಡೆದು ರಸೀದಿ ಹರಿದು ಕೊಟ್ಟಿದ್ದೇನೆ. ಆಕೆ ಕೈ ಬಿಟ್ಟಿದ್ದರೆ ಅದೇ ಮಗನ ಖರ್ಚನ್ನು ಆ ಕರದಿಂದ ಸರಕಾರ ನೋಡಿಕೊಳ್ಳಬೇಕಾಗಿತ್ತು.

ಇನ್ನು ಬರುವ ಆಕ್ಷೇಪಣೆಗಳು. ಸುಳ್ಳು ಪ್ರಮಾಣಪತ್ರ ತರುತ್ತಾರೆ ಎನ್ನುತ್ತಾರೆ. ತರುವವರು ಇದ್ದಾರೆ. ಆದರೆ ಈಗ ಯುಡಿಐಡಿ ಕಾರ್ಡ್ ಇದೆ. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರಲ್ಲಿ ಬಹುಮಂದಿ ತಾವೇ ವಿಕಲಚೇತನರು. ಯಾವ ಮನೆಯಲ್ಲಿ ಯಾರಿದ್ದಾರೆಂದು ಅವರಿಗಿಂತ ಬಲ್ಲವರಿಲ್ಲ. ಅವರ ಒಂದು ಸಹಿ ಸಾಕು.

ಸ್ಥಳೀಯ ಸಂಸ್ಥೆಗಳ ಆದಾಯ ಕುಗ್ಗುತ್ತದೆ ಎನ್ನುವುದು ಎರಡನೆಯ ಮಾತು. ಕಂದಾಯ ಶಾಖೆಯವನಾಗಿ ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಬೀದಿ ದೀಪ, ನೀರು, ಪೌರಕಾರ್ಮಿಕರ ಖರ್ಚು ಎಲ್ಲ ಇದರಲ್ಲೇ ಹೋಗಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವೈಕಲ್ಯ ಇರುವವರು ಸುಮಾರು 13.24 ಲಕ್ಷ. ಅವರಲ್ಲಿ ಎಲ್ಲರ ಮನೆಯೂ ತೆರಿಗೆಯ ದೊಡ್ಡ ಬಾಬು ಅಲ್ಲ. ಏಪ್ರಿಲ್ ತಿಂಗಳಲ್ಲಿ ಮುಂಗಡ ಕಟ್ಟಿದವರಿಗೆ, ಬಂಗಲೆಯವರಿಗೂ ಸಹ, ಶೇ.5 ಬಿಡುತ್ತೇವಲ್ಲ, ಅದರಿಂದ ಯಾವ ಪುರಸಭೆಯೂ ಮುಳುಗಿಲ್ಲ. ಕೆಲವರು ಒಂದು ಜಾಣತನದ ಉಪಾಯ ಹೇಳುತ್ತಾರೆ: ಸ್ಥಳೀಯ ಸಂಸ್ಥೆಗಳು ವಿಕಲಚೇತನರಿಗೆಂದು ತೆಗೆದಿಡುವ ಶೇ.5ರ ನಿಧಿಯಿಂದಲೇ ಈ ನಷ್ಟ ತುಂಬಿಕೊಳ್ಳಲಿ ಎಂದು. ಇದನ್ನು ನಾನು ಒಪ್ಪುವುದಿಲ್ಲ. ಆ ದುಡ್ಡು ತ್ರಿಚಕ್ರ ವಾಹನಕ್ಕೆ, ಔಷಧಕ್ಕೆ, ಮನೆಯೇ ಇಲ್ಲದ ವಿಕಲಚೇತನರಿಗೆ ಸೇರಬೇಕಾದದ್ದು. ಬಡವನ ಬಟ್ಟಲಿನಿಂದ ತೆಗೆದು ಮನೆ ಇದ್ದವನಿಗೆ ಬಡಿಸಿದಂತಾಗುತ್ತದೆ.

ಮನೆ ಇದ್ದವರಿಗೆ ಮಾತ್ರ ಇದು ದಕ್ಕುತ್ತದೆ ಎಂಬ ಟೀಕೆಯಲ್ಲಿ ಹುರುಳಿದೆ. ಆದ್ದರಿಂದಲೇ ಮಿತಿ ಇರಲಿ: ಒಂದೇ ಮನೆಗೆ, ಇಂತಿಷ್ಟು ವಿಸ್ತೀರ್ಣದವರೆಗೆ. ಆದ್ದರಿಂದಲೇ ಬಾಡಿಗೆದಾರರ ಬಾಬನ್ನು ಬಿಡಬಾರದು ಎಂದು ಹಟ ಹಿಡಿಯುತ್ತೇನೆ.

ನಮ್ಮವರೇ ಎತ್ತುವ ಮಾತು ಬೇರೆ. ದಾಸೋಹದ ಧರ್ಮದವರು ಸರಕಾರದ ಮುಂದೆ ರಿಯಾಯಿತಿಗೆ ಕೈಯೊಡ್ಡಬೇಕೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಹೊಣೆ ಹೊತ್ತವರು. ಜನರಿಂದ ಬಂದ ಹಣ ಯಾರಿಗೆ ಸಲ್ಲಬೇಕು ಎಂಬುದು ಶರಣರಿಗೆ ಹೊರಗಿನ ವಿಷಯವಾಗಿರಲಿಲ್ಲ. ವಿಕಲಚೇತನರ ಮನೆಯವರು ಕೇಳುವುದು ದಾನವೂ ಅಲ್ಲ, ತಪ್ಪಾಗಿ ಅಳೆದ ಗೋಡೆಯನ್ನು ಸರಿಯಾಗಿ ಅಳೆಯಿರಿ ಎಂಬ ಕೋರಿಕೆ ಅದು. ಹೆಸರಿನ ಬಗ್ಗೆ ನಮಗೆ ಬಹಳ ಕಾಳಜಿ: ಅಂಗವಿಕಲ ಎನ್ನಬೇಡಿ, ವಿಕಲಚೇತನ ಎನ್ನಿ, ವಿಶೇಷಚೇತನ ಎನ್ನಿ. ಲಿಂಗದೊಡನೆ ಕೂಡುವುದೇ ಅಂಗ ಎಂದು ತಿಳಿದವರಿಗೆ ಯಾವ ಅಂಗವೂ ವಿಕಲವಲ್ಲ ಎಂಬುದು ಸರಿ. ಆದರೆ ಹೆಸರು ಮೂರು ಸಲ ಬದಲಾದರೂ ಚಲನಿನ ಮೊತ್ತ ಬದಲಾಗಲಿಲ್ಲ.

ಮಠಗಳಿಗೂ ಒಂದು ಮಾತು ಹೇಳಬೇಕು, ಪೂಜ್ಯರು ಮುನಿಸಿಕೊಳ್ಳಬಾರದು. ಪ್ರಸಾದ ನಿಲಯಕ್ಕೆ, ಶಾಲೆಗೆ, ಪ್ರಾರ್ಥನಾ ಮಂದಿರಕ್ಕೆ ಸಿಗುವ ವಿನಾಯಿತಿ ನ್ಯಾಯವಾದದ್ದು. ಆದರೆ ರಸ್ತೆಬದಿಗೆ ಸಾಲು ಮಳಿಗೆ ಕಟ್ಟಿ ಬಾಡಿಗೆ ಪಡೆಯುತ್ತ, ಅದರ ಪಟ್ಟಿ ಕೇಳಲು ಹೋದ ನೌಕರನಿಗೆ ಇದು ಮಠದ ಆಸ್ತಿ ಎಂದು ಬಾಗಿಲಲ್ಲೇ ಹೇಳಿ ಕಳಿಸುವ ಆಡಳಿತಾಧಿಕಾರಿಗಳನ್ನು ನಾನು ಕಂಡಿದ್ದೇನೆ. ಗಂಡ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ತಿರುಗಿ ಚೆಲ್ಲಿ ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆಯನ್ನು ಅದೇ ಮಠದ ಪ್ರವಚನದಲ್ಲಿ ಹೇಳುತ್ತಾರೆ. ಮಳಿಗೆಯ ಪಟ್ಟಿಯನ್ನು ತಪ್ಪದೆ ತುಂಬಿದ ಮಠವೇ ಈ ಬೇಡಿಕೆಯನ್ನು ಗಟ್ಟಿಯಾಗಿ ಎತ್ತಬಲ್ಲದು. ಮಠಗಳ ಒಡೆತನದಲ್ಲಿ ಪೇಟೆಗಳಲ್ಲಿ ಬಾಡಿಗೆ ಮನೆಗಳಿವೆ. ನೆಲಮಹಡಿಯ ಮನೆ ಖಾಲಿಯಾದಾಗ ಮೊದಲು ವಿಕಲಚೇತನರ ಕುಟುಂಬಕ್ಕೆ ಕೊಡುತ್ತೇವೆ ಎಂದು ಆಡಳಿತ ಮಂಡಳಿ ಒಂದು ಠರಾವು ಮಾಡಲಿ. ಇದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಡ. ಹಾಗೆಯೇ, ಮಠದ ಮೆಟ್ಟಿಲುಗಳನ್ನು ಎಣಿಸಿರಿ. ಗದ್ದುಗೆಗೆ ಹೋಗಲು ರ‍್ಯಾಂಪ್ ಇಲ್ಲದ ಕಡೆ ಸಮಾನತೆಯ ಭಾಷಣವನ್ನು ಗಾಲಿಕುರ್ಚಿಯವರು ಹೊರಗೆ ಲೌಡ್‌ಸ್ಪೀಕರಿನಲ್ಲೇ ಕೇಳಬೇಕಾಗುತ್ತದೆ.

ಕಾನೂನಿನ ಹೊಸ ವಿನಾಯಿತಿಯನ್ನು ಪುರಸಭೆಯೊಂದು ತಾನೇ ಸೃಷ್ಟಿಸಲಾರದು. 1964ರ ಪುರಸಭೆಗಳ ಅಧಿನಿಯಮ, 1976ರ ಪಾಲಿಕೆಗಳ ಅಧಿನಿಯಮ, 1993ರ ಪಂಚಾಯತ್ ರಾಜ್ ಅಧಿನಿಯಮ, ಮೂರಕ್ಕೂ ವಿಧಾನಮಂಡಲದಲ್ಲಿ ತಿದ್ದುಪಡಿ ಬೇಕು. ಆದರೆ ಊರಿನ ಪರಿಷತ್ತು ಠರಾವು ಮಾಡಿ ಸರಕಾರಕ್ಕೆ ಕಳಿಸಬಹುದು, ಶಾಸಕರು ಅದನ್ನು ಸದನದಲ್ಲಿ ಎತ್ತಬಹುದು. ಸ್ಥಳೀಯ ಸಂಸ್ಥೆಗಳ ಬಜೆಟ್ ಮಾರ್ಚ್ ಒಳಗೆ ಆಗುತ್ತದೆ, ಅದಕ್ಕೂ ಮೊದಲು ನಾಗರಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ಅಲ್ಲಿಗೆ ಗುತ್ತಿಗೆದಾರರೇ ಹೆಚ್ಚು ಬರುತ್ತಾರೆ, ಬೇರೆಯವರು ಬಂದರೆ ಅಧಿಕಾರಿಗಳಿಗೆ ಆಶ್ಚರ್ಯ. ಪ್ರತಿ ಊರಿನ ಬಸವ ಕೇಂದ್ರದವರು ತಮ್ಮ ಓಣಿಯಲ್ಲಿ ಇಂಥ ಮನೆಗಳು ಎಷ್ಟು, ಸ್ವಂತದವು ಎಷ್ಟು, ಬಾಡಿಗೆಯವು ಎಷ್ಟು, ಹೆಚ್ಚುವರಿ ಕಟ್ಟಡ ಎಷ್ಟು ಚದರಡಿ, ಈ ವರ್ಷ ಎಷ್ಟು ಪಟ್ಟಿ ತುಂಬಿದರು ಎಂದು ಒಂದು ಹಾಳೆಯಲ್ಲಿ ಬರೆದು ಆ ಸಭೆಗೆ ಒಯ್ಯಲಿ. ಅಳೆಯುವುದು ಹೇಗೆಂದು ತಿಳಿಯದಿದ್ದರೆ ನಿಮ್ಮೂರಿನಲ್ಲೂ ನನ್ನಂಥ ನಿವೃತ್ತ ಬಿಲ್ ಕಲೆಕ್ಟರ್ ಒಬ್ಬ ಇದ್ದೇ ಇರುತ್ತಾನೆ. ಟೇಪು ಅವನ ಮನೆಯಲ್ಲೇ ಇರುತ್ತದೆ, ಕರೆದರೆ ಬರುತ್ತಾನೆ.